ಗ್ಲೆನಿಸಳ ಕಾಲಿನ ಅಳತೆ

“ಈ ಬೇಸಿಗೆ ಮುಗಿಯೋದರೊಳಗೆ ಕಾರು ರಸ್ತೆಗೆ ಇಳೀದಿದ್ರೆ ನನ್ನ ಹೆಸರು ಬರ್ನಾರ್ಡ್ ಅಲ್ಲ” ಎಂದು ಗ್ಲೆನಿಸಳ ಗಂಡ ಪ್ರತಿಜ್ಞೆ ಮಾಡಿ ಎಷ್ಟೋ ಬೇಸಿಗೆಗಳು ಕಳೆದಿದ್ದವು. ಕಾರು ಗ್ಯಾರೇಜಿನಲ್ಲೇ ಇತ್ತು. ಹೆಸರೂ ಬರ್ನಾರ್ಡ್ ಎಂದೇ ಇತ್ತು.

ಆ ಕಾರು ಲಾರಿಯಲ್ಲಿ ಪೆಟ್ಟಿಗೆಗಳಾಗಿ ಬಂದಿತ್ತು. ಇಂಗ್ಲೆಂಡಿನ ಲೌತ್ ಊರಿನ ಆ ಬೀದಿಯಲ್ಲಿ ನಿವೃತ್ತರಾದ ಬೇರೆ ಗಂಡಸರು ಗುಲಾಬಿ ಬೆಳೆಸಿದರು. ಬರ್ನಾರ್ಡ್ ಮಾತ್ರ, ಬಿಡಿಭಾಗ ತರಿಸಿ ಕೈಯಾರೆ ಕಾರು ಕಟ್ಟುತ್ತೇನೆಂದು ಸಾರಿದ. ಆ ‘ಕೈಯಾರೆ’ಯಲ್ಲಿ ಯಾರ್ಯಾರ ಕೈ ಸೇರಿತ್ತು ಎಂಬುದು ಬೇರೆ ಮಾತು. ಗ್ರೀಸು ಮೆತ್ತಿದ ಅಂಗಿಗಳನ್ನು ತಿಕ್ಕಿದ ಕೈ ಗ್ಲೆನಿಸಳದು. ಬಣ್ಣ ಬಳಿದ ಭಾಗಗಳನ್ನು ಒಣಗಿಸಲು ತನ್ನ ಓವನ್ ಬಿಟ್ಟುಕೊಟ್ಟು, ಆಮೇಲೆ ಭಾನುವಾರಗಳಂದು ಬಣ್ಣದ ವಾಸನೆಯ ಕುರಿಮಾಂಸ ಬಡಿಸಿದ ಕೈಯೂ ಅವಳದೇ. ಗೇರ್‌ಬಾಕ್ಸು ಊಟದ ಮೇಜಿನ ಮೇಲೆ ಪವಡಿಸಿದ್ದಷ್ಟು ಕಾಲ ಗಂಡಹೆಂಡಿರು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

ಕೊನೆಗೆ ಪೆಡಲುಗಳ ಸರದಿ ಬಂತು.

“ಈ ಕಾರಲ್ಲಿ ಸೀಟು ಹಿಂದೆ ಮುಂದೆ ಸರಿಯಲ್ಲ ಗ್ಲೆನ್, ಅಷ್ಟು ಜಾಗ ಇಲ್ಲ” ಎಂದು ಬರ್ನಾರ್ಡ್ ವಿವರಿಸಿದ. “ಮನುಷ್ಯ ಪೆಡಲ್ ಹತ್ರ ಹೋಗೋದಲ್ಲ, ಪೆಡಲ್ಲೇ ಮನುಷ್ಯನ ಹತ್ರ ಬರುತ್ತೆ.”

“ಯಾವ ಮನುಷ್ಯನ ಹತ್ರ?”

“ಓಡಿಸೋ ಮನುಷ್ಯನ ಹತ್ರ. ಇದೆಂಥ ಪ್ರಶ್ನೆ?”

ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ತಲೆ ತೂರಿಸಿ, ಬೋಲ್ಟು ಸಡಿಲಿಸಿ, ಪೆಡಲನ್ನು ಒಂದು ತೂತಿನಿಂದ ಇನ್ನೊಂದು ತೂತಿಗೆ ಸರಿಸಬೇಕು. ಎರಡನ್ನೂ ಒಬ್ಬನೇ ಮಾಡುತ್ತೇನೆಂದು ಬರ್ನಾರ್ಡ್ ಪೊರಕೆಯ ಕೋಲು ಹಿಡಿದು ಹೊರಟವನು ಸೊಂಟ ಹಿಡಿಸಿಕೊಂಡು ಎದ್ದ. ಹೀಗಾಗಿ ಗ್ಲೆನಿಸಳಿಗೆ ಸಿಂಹಾಸನ ಸಿಕ್ಕಿತು.

“ಕ್ಲಚ್ ಒತ್ತು. ಸಿಗ್ತಿದೆಯಾ?” ಎಂದು ಕೆಳಗಿನಿಂದ ದನಿ ಬರುತ್ತಿತ್ತು.

“ತುದಿಬೆರಳು ಮಾತ್ರ.”

“ಈಗ?”

“ಇನ್ನೂ ಚೂರು ಈಚೆಗೆ.”

“ಬ್ರೇಕು?”

“ಅದೂ ದೂರ ಇದೆ.”

ಬರ್ನಾರ್ಡ್ ಗೊಣಗುತ್ತ ಸರಿಸುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದು ಜೊತೆ ಕಾಲು. ಅವು ಯಾರವು ಎಂಬ ಯೋಚನೆ ಆ ತಲೆಯೊಳಗೆ ಸುಳಿಯಲೇ ಇಲ್ಲ. ಗ್ಲೆನಿಸಳೂ ಮೋಸ ಮಾಡಲಿಲ್ಲ. ಕೇಳಿದ್ದಕ್ಕೆ ನಿಜ ಹೇಳಿದಳು. ನಿನಗೆ ಇದು ಸರಿಹೋಗುತ್ತದೆಯೇ ಎಂದು ಆ ಮನೆಯಲ್ಲಿ ಯಾರಾದರೂ ಅವಳನ್ನು ಕೇಳಿ ಬಹಳ ಕಾಲವಾಗಿತ್ತು. ಉತ್ತರ ಕೊಡಲು ಹಿತವಾಗಿತ್ತು.

ಅಡುಗೆಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಕೂಗಿಕೊಂಡಿತು.

“ಬಟ್ಟೆ ಆಯ್ತು ಅನ್ಸುತ್ತೆ” ಎಂದಳು.

“ಕೂಗ್ಲಿ ಬಿಡು. ಕಾಲು ಮಾತ್ರ ತೆಗೀಬೇಡ ಮಾರಾಯ್ತಿ.”

ಗಂಡನ ಅಪ್ಪಣೆಯ ಮೇರೆಗೆ ಏನೂ ಮಾಡದೆ ಕೂರುವ ಭಾಗ್ಯ ಇರುವುದೇ ಅವಳಿಗೆ ಗೊತ್ತಿರಲಿಲ್ಲ. ಎದುರಿಗೆ ಗೋಡೆ, ಗೋಡೆಯ ಮೇಲೆ ಬಣ್ಣದ ಡಬ್ಬಿಗಳ ಹಲಗೆ. ಬಲಗಾಲು ಮೆಲ್ಲಗೆ ಒತ್ತಿದರೆ ಅವಳ ಮನಸ್ಸಿನಲ್ಲಿ ಆ ಗೋಡೆ ಪಕ್ಕಕ್ಕೆ ಸರಿಯುತ್ತಿತ್ತು. ಅದರಾಚೆ ಬೇಲಿಸಾಲು, ಚಪ್ಪಟೆ ಹೊಲಗಳು, ಆಮೇಲೆ ಮೇಬಲ್‌ಥಾರ್ಪಿನ ಸಮುದ್ರ. ಚಿಕ್ಕವಳಿದ್ದಾಗ ಆ ದಾರಿಯಲ್ಲಿ ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿದ್ದಳು. ಮದುವೆಯಾದ ಮೇಲೆ ಪಕ್ಕದ ಸೀಟಿನಲ್ಲಿ ಕೂತು, ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಡುತ್ತ ಹೋಗಿದ್ದಳು. ಕಾರು ಓಡಿಸಲು ಬಾರದವಳೇನಲ್ಲ. ಮನೆಯ ಹಳೆಯ ಕಾರನ್ನು ಸಾಮಾನಿಗೆ, ಅತ್ತೆಯ ಡಾಕ್ಟರ ಬಳಿಗೆ, ಬರ್ನಾರ್ಡ್ ಮರೆತ ಬೋಲ್ಟಿನ ಅಂಗಡಿಗೆ ಓಡಿಸುವವಳು ಅವಳೇ. ಕೆಲಸದ ದಾರಿಗಳೆಲ್ಲ ಅವಳವು, ಸುಖದ ದಾರಿಗಳೆಲ್ಲ ಅವನವು. ಹೀಗೆಂದು ಯಾರೂ ಬರೆದುಕೊಟ್ಟಿರಲಿಲ್ಲ, ಹಾಗೇ ನಡೆದುಬಂದಿತ್ತು. ಆ ಸಮುದ್ರಕ್ಕೆ ಒಮ್ಮೆ ತನ್ನ ಕಾಲಿನಲ್ಲೇ ಪೆಡಲ್ ಒತ್ತಿ ಹೋಗಬೇಕು ಎಂಬ ಆಸೆ, ಎಂಜಿನ್ನೇ ಇಲ್ಲದ ಕಾರಿನಲ್ಲಿ ಕೂತಿದ್ದಾಗ ಅವಳಿಗೆ ಹುಟ್ಟಿತು.

“ಈಗ ಹೇಗಿದೆ?”

“ತುಂಬ ಚೆನ್ನಾಗಿದೆ” ಎಂದಳು ಗ್ಲೆನಿಸ್.

ಬರ್ನಾರ್ಡ್ ಬೋಲ್ಟು ಬಿಗಿದ. ಮೇಲೆ ತಗಡು ಬಡಿದ. ಮುಂದೆ ಎಂಜಿನ್ ಇಳಿಸಿದ.

ಸರ್ಕಾರಿ ತಪಾಸಣೆಯ ದಿನ ಬಂತು. ಅಲ್ಲಿ ಪಾಸಾಗದೆ ನಂಬರ್ ಇಲ್ಲ, ಆ ದಿನ ತಪ್ಪಿದರೆ ಚಳಿಗಾಲದವರೆಗೆ ಇನ್ನೊಂದು ದಿನವೂ ಇಲ್ಲ. ಗೆಳೆಯ ಕ್ಲೈವ್ ಕ್ಯಾಮರಾ ಸಮೇತ ಬಂದ. ಆರಡಿ ಮೀರಿದ ಬರ್ನಾರ್ಡ್ ಹೊಸ ಕೈಗವಸು ತೊಟ್ಟು, ಪಟ್ಟಕ್ಕೇರುವ ದೊರೆಯಂತೆ ಒಂದು ಕಾಲು ಒಳಗಿಟ್ಟ. ಇನ್ನೊಂದನ್ನೂ ಇಟ್ಟ. ಸೀಟಿನೊಳಕ್ಕೆ ಇಳಿದ. ಅಲ್ಲೇ ಸಿಕ್ಕಿಕೊಂಡ. ಎರಡು ಮಂಡಿಗಳೂ ಸ್ಟೀರಿಂಗಿನ ಎರಡು ಪಕ್ಕದಲ್ಲಿ ಕಿವಿಗಳ ಹಾಗೆ ಎದ್ದು ನಿಂತವು.

“ಕ್ಲಚ್ ಒತ್ತು ನೋಡೋಣ” ಎಂದ ಕ್ಲೈವ್.

“ಒತ್ತಿದೀನಿ.”

“ಬ್ರೇಕು?”

“ಅದನ್ನೂ ಒತ್ತಿದೀನಿ. ಎಲ್ಲಾನೂ ಒತ್ತಿದೀನಿ. ಯಾವುದರಿಂದಲೂ ಕಾಲು ತೆಗೆಯೋಕೆ ಆಗ್ತಿಲ್ಲ.”

ಹೊರಗೆ ಬರಲೂ ಆಗಲಿಲ್ಲ. ಕ್ಲೈವ್ ಕಂಕುಳಿಗೆ ಕೈಹಾಕಿ ಎಳೆದ. ಗ್ಲೆನಿಸ್ ಪಾತ್ರೆ ತೊಳೆಯುವ ಸೋಪಿನ ನೀರು ತಂದು ಅವನ ಪ್ಯಾಂಟಿಗೆ ಸುರಿದಳು. ಕಡೆಗೆ ಬೂಟುಗಳನ್ನು ಒಳಗೇ ಬಿಟ್ಟು ಬರ್ನಾರ್ಡ್ ಹೊರಬಿದ್ದು, ನೆಲದ ಮೇಲೆ ಮಂಡಿ ಹಿಡಿದು ಕೂತ.

“ಅಳತೆ ಯಾರದು ತಗೊಂಡೆಯೋ ಮಾರಾಯ?” ಕ್ಲೈವ್ ಕೇಳಿದ.

ಬರ್ನಾರ್ಡ್ ನಿಧಾನವಾಗಿ ಹೆಂಡತಿಯ ಕಾಲು ನೋಡಿದ. ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿ ಎಂಬಂತೆ ನೋಡಿದ.

“ನೀನಾದ್ರೂ ಹೇಳಬಾರದಿತ್ತಾ?”

“ಹೇಳ್ತಾನೇ ಇದ್ದೆನಲ್ಲ. ಈಚೆಗೆ, ಇನ್ನೂ ಈಚೆಗೆ ಅಂತ.”

ಸರಿಪಡಿಸಬೇಕೆಂದರೆ ಎಂಜಿನ್ ಎತ್ತಬೇಕು. ತಪಾಸಣೆಗೆ ಉಳಿದಿದ್ದದ್ದು ಆ ಬೆಳಗು ಮಾತ್ರ.

“ನಾನು ತಗೊಂಡು ಹೋಗ್ಲಾ?” ಎಂದಳು ಗ್ಲೆನಿಸ್. ಬೇರೆ ದಾರಿ ಇದ್ದಿದ್ದರೆ ಗಂಡಸರಿಬ್ಬರೂ ಅದನ್ನೇ ಹಿಡಿಯುತ್ತಿದ್ದರು. ಇರಲಿಲ್ಲ. ಅವಳು ಗಂಡನ ಬೂಟುಗಳನ್ನು ತೆಗೆದು ಹೊರಗಿಟ್ಟು, ಒಳಗೆ ಇಳಿದಳು. ಅಳತೆ ಕೊಟ್ಟು ಹೊಲಿಸಿದ ಕುಪ್ಪಸದ ಹಾಗೆ ಕಾರು ಅವಳಿಗೆ ಕೂತಿತು.

ಕ್ಲೈವನ ಕಾರಿನಲ್ಲಿ ಗಂಡಸರಿಬ್ಬರೂ ಹಿಂದೆ ಬಂದರು. ಊರಾಚೆ ರಸ್ತೆ ಕವಲೊಡೆಯಿತು. ಎಡಕ್ಕೆ ತಪಾಸಣೆ, ನೇರಕ್ಕೆ ಸಮುದ್ರ. ಗಾಳಿಗೆ ಕೂದಲೆಲ್ಲ ಕೆದರಿತ್ತು. ಫಲಕದ ಮೇಲೆ ಮೇಬಲ್‌ಥಾರ್ಪ್ ಎಂದು ಬರೆದಿತ್ತು. ಹೋಗಬೇಕಾದ ಕಡೆಗೆ ಹೋಗಿ ಅವಳ ಕಾಲಿಗೆ ಅಭ್ಯಾಸವಾಗಿತ್ತು, ಎಡಕ್ಕೆ ತಿರುಗಿಸಿದಳು. ಆ ಫಲಕ ಕನ್ನಡಿಯಲ್ಲಿ ಚುಕ್ಕೆಯಾಗುವವರೆಗೂ ಕಣ್ಣು ಮಾತ್ರ ಅದನ್ನು ಬಿಡಲಿಲ್ಲ.

ಕಾರು ಪಾಸಾಯಿತು.

“ಪೆಡಲ್ ಜೋಡಣೆ ಅಚ್ಚುಕಟ್ಟಾಗಿದೆ. ಯಾರ ಕೆಲಸ?” ಎಂದ ತಪಾಸಣೆಯವನು.

“ನಂದೇ” ಎಂದ ಬರ್ನಾರ್ಡ್, ಕುಂಟುತ್ತ.

ನಂಬರ್ ಫಲಕ ಬಂದ ದಿನವೇ ಅವನು ಸ್ಪ್ಯಾನರ್ ಹಿಡಿದು ನಿಂತ. “ಎಂಜಿನ್ ಎತ್ತಿ ಪೆಡಲ್ ಆಚೆಗೆ ಹಾಕಿಬಿಡ್ತೀನಿ. ಎರಡು ವಾರದ ಕೆಲಸ.” ಅವನ ಎರಡು ವಾರ ಎಂದರೇನೆಂದು ಗ್ಲೆನಿಸಳಿಗೆ ಗೊತ್ತಿತ್ತು. ಅಷ್ಟರಲ್ಲಿ ಬೇಸಿಗೆ ಹೋಗುತ್ತದೆ. ಆಮೇಲೆ ಸಮುದ್ರಕ್ಕೆ ಕಾರು ಹೋಗುತ್ತದೆ, ಅವಳು ಫ್ಲಾಸ್ಕು ಹಿಡಿದು ಪಕ್ಕದಲ್ಲಿರುತ್ತಾಳೆ.

“ಬಾ, ಒಂದ್ನಿಮಿಷ ಕೂತ್ಕೋ. ಎಷ್ಟು ತೂತು ಸರಿಸಬೇಕು ನೋಡೋಣ” ಎಂದ ಬರ್ನಾರ್ಡ್.

ಗ್ಲೆನಿಸ್ ಬಂದು ಕೂತಳು. ಅವನು ಬಗ್ಗಿ ತಲೆ ಒಳಗೆ ತೂರಿಸುವಷ್ಟರಲ್ಲಿ ಕೀಲಿ ತಿರುಗಿಸಿದಳು.

“ತಲೆ ಆಚೆ ತಗೋ ಬರ್ನಾರ್ಡ್.”

“ಯಾಕೆ? ಎಲ್ಲಿಗೆ ಹೊರಟೆ?”

“ಸಮುದ್ರಕ್ಕೆ. ಸಂಜೆ ಬರ್ತೀನಿ. ಸಿಂಕಲ್ಲಿ ಆಲೂಗಡ್ಡೆ ಇದೆ, ಬೇಯಿಸಿಡು.”

ಕಾರು ಗ್ಯಾರೇಜು ದಾಟಿತು. ಇಡೀ ಕಾರನ್ನು ಕೈಯಾರೆ ಕಟ್ಟಿದ ಮಹಾಶಯ ಸ್ಪ್ಯಾನರ್ ಹಿಡಿದೇ ಬೀದಿಯವರೆಗೆ ಓಡಿ ಬಂದ.

“ಗ್ಲೆನ್! ಸಿಪ್ಪೆ ತೆಗೆದು ಬೇಯಿಸೋದಾ, ಬೇಯಿಸಿ ತೆಗೆಯೋದಾ?”

ಗ್ಲೆನಿಸ್ ಆಗಲೇ ಮೂರನೇ ಗೇರಿನಲ್ಲಿದ್ದಳು.