ಡಾಕ್ಟ್ರಮ್ಮನಿಗೊಂದು ಫ್ಲೆಕ್ಸು

ದನದ ಡಾಕ್ಟ್ರು ಫಿರೋಜಾ ಮೇಡಂಗೆ ವರ್ಗವಾಗಿದೆ, ಸಾಯಂಕಾಲ ನಾಲ್ಕರ ಬಸ್ಸಿಗೆ ಹೊರಡ್ತಾರೆ ಅಂತ ಕೇಳಿದ್ದೇ ಕೈಲಾಂಚದ ನಟರಾಜುಗೆ ಕೈಕಾಲು ಆಡಲಿಲ್ಲ. ಹೋದ ತಿಂಗಳು ಅವನ ಹಸು ಕರು ಹಾಕಲಾರದೆ ಒದ್ದಾಡುವಾಗ ತಾಯಿ, ಕರು ಎರಡನ್ನೂ ಉಳಿಸಿಕೊಟ್ಟ ಪುಣ್ಯಾತ್ಗಿತ್ತಿ ಆಕೆ. ಅವತ್ತು ಗಾಬರಿಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ಇವತ್ತೂ ಹೇಳದಿದ್ದರೆ ಮುಗೀತು!

ನಮ್ಮ ಕಡೆ ಕೃತಜ್ಞತೆ ಅಂದರೆ ಫ್ಲೆಕ್ಸು. ರಾಮನಗರದ ಫ್ಲೆಕ್ಸ್ ಅಂಗಡಿಗೆ ಹೊರಟವನ ಬೈಕಿಗೆ ಡೇರಿ ಅಧ್ಯಕ್ಷ ಕೆಂಪಯ್ಯ, ರಿಟೈರ್ಡ್ ಮೇಷ್ಟ್ರು ಪಂಚಾಕ್ಷರಯ್ಯ ಇಬ್ಬರೂ ಹತ್ತಿಕೊಂಡರು.

"ಓದಿದೋರು ಕಣ್ಲಾ, ಇಂಗ್ಲೀಷಲ್ಲಿ ಹಾಕ್ಸು. 'ವೀ ಆರ್ ಥ್ಯಾಂಕ್‌ಫುಲ್' ಅಂತ" ಎಂದ ಕೆಂಪಯ್ಯ.

"ತಪ್ಪು!" ಮೇಷ್ಟ್ರು ಗುಡುಗಿದರು. "ಮಳೆ ನಿಂತ್ರೆ ಥ್ಯಾಂಕ್‌ಫುಲ್, ಕೊಡೆ ಕೊಟ್ಟೋರಿಗೆ ಗ್ರೇಟ್‌ಫುಲ್. ಒಂದು, ಸದ್ಯ ಬಚಾವಾದೆ ಅನ್ನೋ ಸಮಾಧಾನ. ಇನ್ನೊಂದು, ಮಾಡಿದೋರನ್ನ ಎದೇಲಿ ಇಟ್ಕೊಳ್ಳೋದು."

"ಹಸು ಬಚಾವಾಯ್ತಲ್ಲ! ಥ್ಯಾಂಕ್‌ಫುಲ್ಲೇ ಸರಿ."

"ಉಳಿಸಿದ್ದು ಡಾಕ್ಟ್ರಮ್ಮ ಕಣಯ್ಯ!"

ಅಂಗಡಿಯಲ್ಲೂ ಜಗಳ ನಿಲ್ಲಲಿಲ್ಲ. ಗಂಟೆ ಹನ್ನೆರಡಾಯಿತು. "ನಿಮ್ ಕಾಲಿಗೆ ಬೀಳ್ತೀನಿ, ಬಸ್ಸು ಹೊಂಟೋಯ್ತದೆ" ಎಂದು ನಟರಾಜು ಗೋಗರೆದ ಮೇಲೆ ರಾಜಿಯಾಯಿತು. ಪದ ಮೇಷ್ಟ್ರದು, ನಟರಾಜು ಫೋಟೊ ಪಕ್ಕದಲ್ಲಿ ಫೋಟೊ ಅಧ್ಯಕ್ಷರದು. ಹಾಗಾದರೆ ಮೇಷ್ಟ್ರ ಫೋಟೊ ಬೇಡವೇ? ಅದೂ ಸೇರಿತು. ಸುದ್ದಿ ತಿಳಿದ ಡೇರಿ ನಿರ್ದೇಶಕರು ಒಂಬತ್ತು ಮಂದಿಯೂ ವಾಟ್ಸಾಪಿನಲ್ಲಿ ಮುಖ ಕಳಿಸಿದರು. ಯಾರನ್ನು ಬಿಟ್ಟರೂ ನಾಳೆ ಡೇರಿಗೆ ಹಾಲು ಹಾಕಲು ಹೋದಾಗ ಮುಖ ತಿರುಗಿಸ್ತಾರೆ. "ನಂದು ತೆಗೆದು ಜಾಗ ಮಾಡಪ್ಪ" ಎಂದ ನಟರಾಜು, ಅಂಗಡಿಯವನಿಗೆ.

ಮೂರೂವರೆಗೆ ಬಸ್‌ಸ್ಟಾಪಲ್ಲಿ ಫ್ಲೆಕ್ಸು ಕಟ್ಟಿದ್ದಾಯಿತು. ಡಾಕ್ಟ್ರಮ್ಮ ಸೂಟ್‌ಕೇಸ್ ಹಿಡಿದು ಬಂದರು, ಮೇಲಿಂದ ಕೆಳಗೆ ಓದಿದರು.

"ಚೆನ್ನಾಗಿದೆ. ಯಾರಿಗೆ ಇದು?"

ನಟರಾಜು ತಿರುಗಿ ನೋಡಿದ. ಮೇಲೆ 'ವೀ ಆರ್ ಗ್ರೇಟ್‌ಫುಲ್', ಕೆಳಗೆ ಹಲ್ಲು ಕಿರಿಯುವ ಹನ್ನೊಂದು ಮುಖ. ಅಷ್ಟೇ. ಜಾಗ ಸಾಲದೆ ಅಂಗಡಿಯವನು ಡಾಕ್ಟ್ರಮ್ಮನ ಹೆಸರನ್ನೇ ಹಾರಿಸಿಬಿಟ್ಟಿದ್ದ.

ಅವನಿಗೆ ಅಳುವೇ ಬಂತು. "ನಿಮ್ಗೇ ಡಾಕ್ಟ್ರಮ್ಮ. ನಿಮ್ಮಿಂದ ನಮ್ಮನೆ ಒಲೆ ಉರೀತೈತೆ. ಸಾಯೋಗಂಟ ಮರೆಯಾಕಿಲ್ಲ" ಎಂದು ಕೈಮುಗಿದ.

"ಇಷ್ಟು ಸಾಕು ನಟರಾಜು" ಎಂದು ಕಣ್ಣೊರೆಸಿಕೊಂಡು ಆಕೆ ಬಸ್ಸು ಹತ್ತಿದರು.

ಬಸ್ಸು ಮರೆಯಾದದ್ದೇ ನಟರಾಜು ಸಿಟ್ಟಿನಿಂದ ಫ್ಲೆಕ್ಸಿಗೆ ಕೈ ಹಾಕಿದ. ಕೆಂಪಯ್ಯ ಓಡಿಬಂದು ರಟ್ಟೆ ಹಿಡಿದ.

"ಏಯ್, ಹರಿಬ್ಯಾಡ ಕಣ್ಲಾ! ಹೆಸರಿಲ್ದೆ ಇದ್ದಿದ್ದೇ ಒಳ್ಳೇದಾಯ್ತು. ಇನ್ಮ್ಯಾಕೆ ವರ್ಗ ಆಗೋ ಡಾಕ್ಟ್ರಿಗೆಲ್ಲ ಇದೇ ಫ್ಲೆಕ್ಸು ಆಯ್ತದೆ!"