ಸೆಲ್ಯುಲೋಸ್ ಮಾಸ್ಟ್ರ ಹೆಂಡತಿ

ಕೆಲವರ ಜಾತಕದಲ್ಲಿ ಧನಯೋಗ ಇರುತ್ತದೆ, ಕೆಲವರದರಲ್ಲಿ ರಾಜಯೋಗ. ನಮ್ಮವರ ಜಾತಕದಲ್ಲಿ ಇದ್ದದ್ದು ಫಜೀತಿಯೋಗ. ಒಂದು ಫಜೀತಿಯ ಹಸಿ ಆರುವ ಮೊದಲೇ ಇನ್ನೊಂದು ಬಂದು ಮೆಟ್ಟಿಲಲ್ಲಿ ಕೂತಿರುತ್ತಿತ್ತು. ಅವರು ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಬೇಕು, ಅಲ್ಲಿನ ದೊಡ್ಡ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಬೇಕು, ಇದೊಂದೇ ಅವರ ಆಸೆ. ಶಾಲೆಯಲ್ಲಿ ಇದ್ದದ್ದು ಹಿಡಿ ಮುರಿದ ಒಂದು ಭೂತಗನ್ನಡಿ. ಅವರ ಕತೆ ಹೇಳಿ ಜನ ಈಗಲೂ ನಗುತ್ತಾರೆ. ನಾನೂ ನಗುತ್ತೇನೆ. ನಕ್ಕು ಮುಗಿದ ಮೇಲೆ ಮಾತ್ರ, ಛೆ, ಪಾಪ ಅನಿಸುತ್ತದೆ.

ವೇದಾಂತಿ ಅಳಿಯ

ಮದುವೆಯಾದ ಹೊಸತು. ಒಂದು ಸಂಜೆ ಚಾವಡಿಯಲ್ಲಿ ಕೂತಿದ್ದಾಗ ಇವರು ನನ್ನ ಸೆರಗಿನ ತುದಿ ಹಿಡಿದು, "ಇದು ಎಂತದ್ದು ಗೊತ್ತುಂಟಾ?" ಎಂದು ಕೇಳಿದರು. ಹೊಸ ಗಂಡ ಸೆರಗು ಹಿಡಿದರೆ ಎಂತ ಹೇಳುವುದು? ನಾಚಿಕೊಂಡೇ "ಸೀರೆ" ಎಂದೆ.

"ಅಲ್ಲ. ನೀನು ಕೂತದ್ದು ಎಂತದ್ದು?"

"ಚಾಪೆ."

"ಅದೂ ಅಲ್ಲ. ಸೀರೆ, ಚಾಪೆ, ಬಾವಿಯ ಹಗ್ಗ, ನಾವು ಉಂಡ ಬಾಳೆಎಲೆ, ಮಾಡಿನ ತೊಲೆ, ಎಲ್ಲ ಒಂದೇ. ನಮ್ಮ ಕಣ್ಣಿಗೆ ಬೇರೆ ಬೇರೆ ಕಾಣ್ತದೆ, ಅಷ್ಟೆ. ಒಳಗಿರುವ ವಸ್ತು ಒಂದೇ."

ನಾಚಿಕೆಯೆಲ್ಲ ಹಾರಿಹೋಯಿತು. ತವರಿಗೆ ಹೋದಾಗ ಅಮ್ಮನಿಗೆ ಹೇಳಿದೆ. ಅಮ್ಮ ಹಣೆ ಬಡಿದುಕೊಂಡಳು. "ಎಲ್ಲ ಒಂದೇ ಅಂತ ಹೇಳಿದ್ರಾ? ನನ್ನ ಸೋದರಮಾವನೂ ಹಾಗೆಯೇ ಶುರು ಮಾಡಿದ್ದು ಮಗಳೇ! ಕಾಶಿಗೆ ಹೋದವರು ತಿರುಗಿ ಬರಲೇ ಇಲ್ಲ!" ಕೂಡಲೇ ಮನೆಯ ದೈವಕ್ಕೆ ಹರಕೆ ಹೇಳಿಕೊಂಡಳು. ಅಪ್ಪನನ್ನು ಗಾಡಿ ಹತ್ತಿಸಿ ಅಳಿಯನನ್ನು ವಿಚಾರಿಸಲಿಕ್ಕೆ ಕಳಿಸಿದಳು.

ಅಪ್ಪ ಬಂದು, ಎಲೆಅಡಿಕೆ ಹಾಕಿಕೊಂಡು, ಮೆಲ್ಲಗೆ ಕೇಳಿದರು: "ಅಲ್ಲ ಅಳಿಯಂದಿರೇ, ಎಲ್ಲದರ ಒಳಗೂ ಒಂದೇ ವಸ್ತು ಉಂಟು ಅಂತ ಹೇಳಿದ್ರಂತೆ. ಅದರ ಹೆಸರೆಂತ?"

"ಸೆಲ್ಯುಲೋಸ್, ಮಾವ. ಮರ, ಹತ್ತಿ, ಹುಲ್ಲು, ಎಲ್ಲದರ ಮೈ ಕಟ್ಟಿದ್ದೇ ಅದರಿಂದ."

ಅಪ್ಪ ಊರಿಗೆ ಹೋಗಿ ಅಮ್ಮನಿಗೆ ವರದಿ ಒಪ್ಪಿಸಿದರು: "ಹೆದರಬೇಡ ಮಾರಾಯ್ತಿ. ಅಳಿಯ ಸನ್ಯಾಸಿ ಆಗುವ ಜನ ಅಲ್ಲ. ಆದರೆ ದೊಡ್ಡ ಮನುಷ್ಯ ಆಗುವ ಜನವೂ ಅಲ್ಲ."

ಮರದ ರೇಷ್ಮೆ

ಹೆಡ್ಮಾಸ್ಟ್ರ ಮಗಳ ಮದುವೆ ಉಳ್ಳಾಲದಲ್ಲಿ. ಕಾಲೇಜಿಗೆ ಶಿಫಾರಸು ಬರೆಯಬೇಕಾದವರು ಅವರೇ, ಹಾಗಾಗಿ ಒಳ್ಳೆಯದುಟ್ಟೇ ಹೋಗಬೇಕು ಎಂದು ಇವರು ನನಗೆ ಒಂದು ಸೀರೆ ತಂದರು. ಎಳೆ ಗುಲಾಬಿ ಬಣ್ಣ, ಕನ್ನಡಿಯ ಹಾಗೆ ಹೊಳಪು.

"ಇದು ಹುಳದ ರೇಷ್ಮೆ ಅಲ್ಲ" ಎಂದರು ಹೆಮ್ಮೆಯಿಂದ. "ಮರದ ತಿರುಳು ಕರಗಿಸಿ ನೂಲು ತೆಗೆದದ್ದು. ಇದೂ ಸೆಲ್ಯುಲೋಸೇ."

ಮರವೋ ಹುಳವೋ, ನನಗೆ ಜೀವ ಹೋಗುವಷ್ಟು ಇಷ್ಟವಾಯಿತು. ಅದನ್ನುಟ್ಟು ನೇತ್ರಾವತಿ ದಾಟಲು ದೋಣಿ ಹತ್ತಿದೆ. ನಡುಹೊಳೆಯಲ್ಲಿ ಒಂದು ತೆರೆ ಬಡಿದು ಸೊಂಟದವರೆಗೆ ಒದ್ದೆಯಾಯಿತು. ದಡ ಬಂತೆಂದು ಏಳುವಾಗ ಸೆರಗು ದೋಣಿಯ ಮೊಳೆಗೆ ಸಿಕ್ಕಿತು. ಎಳೆದದ್ದು ಸ್ವಲ್ಪವೇ. ಒದ್ದೆ ಕಾಗದದ ಹಾಗೆ ಪರ್ರೆಂದು ಮೊಣಕಾಲಿನವರೆಗೆ ಹರಿದು ಬಂತು.

ನನಗೆ ಅಳು. ಇವರು ಕೆಳಗೆ ಬಗ್ಗಿ, ಹರಿದ ಅಂಚನ್ನು ಬೆರಳಲ್ಲಿ ಹೊಸೆದು ನೋಡಿದರು. ಮುಖ ಅರಳಿತು. "ಒದ್ದೆಯಾದರೆ ಇದರ ಬಲ ಇಳಿದುಹೋಗ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ. ಸರಿಯಾಗಿಯೇ ಬರೆದಿದ್ದಾರೆ!"

ದೋಣಿಯಲ್ಲಿದ್ದ ಮೀನು ಮಾರುವ ಹೆಂಗಸು ತನ್ನ ಗಂಟಿನಿಂದ ಒಂದು ಒಣ ಸೀರೆ ತೆಗೆದು ನನ್ನ ಮೇಲೆ ಹಾಕಿದಳು. "ಅಕ್ಕಾ, ನೀವು ಮೊದಲು ಇದನ್ನು ಸುತ್ತಿಕೊಳ್ಳಿ. ಅವರು ಪುಸ್ತಕ ಓದುತ್ತಾ ಇರಲಿ."

ಅಂಥ ಸೀರೆ ಮತ್ತೆ ನನ್ನ ಪಾಲಿಗೆ ಬರಲಿಲ್ಲ. ಆ ಗುಲಾಬಿ ಬಣ್ಣ ಇವತ್ತಿಗೂ ಕಣ್ಣಲ್ಲಿ ಉಂಟು. ಮದುವೆಮನೆಯಲ್ಲಿ ಹೆಡ್ಮಾಸ್ಟ್ರ ಹೆಂಡತಿ ನನ್ನ ಹತ್ತಿರ ಬಂದವರು ಮೂಗಿಗೆ ಸೆರಗು ಹಿಡಿದು ಆಚೆ ಹೋದರು. ಪಕ್ಕದಲ್ಲಿ ಕೂತವರೂ ಒಬ್ಬೊಬ್ಬರಾಗಿ ಎದ್ದರು. ಊಟ ಮುಗಿಯುವವರೆಗೆ ನನ್ನನ್ನು ಬಿಟ್ಟು ಕದಲದೆ ಉಪಚರಿಸಿದ್ದು ಆ ಮನೆಯ ಬೆಕ್ಕು ಮಾತ್ರ.

ಮೆಲುಕು

ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಇವರು ಜಗಲಿಯಲ್ಲಿ ಇಟ್ಟು ಕಾಪಿ ಕುಡಿಯಲು ಒಳಗೆ ಬಂದಿದ್ದರು. ನಾನು ಬಾವಿಯಿಂದ ಕೊಡ ಹೊತ್ತು ಬರುವಾಗ ನೋಡುತ್ತೇನೆ, ನೆರೆಮನೆಯ ದನ ಅಂಗಳದಲ್ಲಿ ಮಲಗಿದೆ, ಬಾಯಂಚಿನಲ್ಲಿ ಕಾಗದದ ಚೂರು. ಜಗಲಿ ಖಾಲಿ. ಇವರು ದನದ ಎದುರು ಮುಕ್ಕಾಲಿ ಹಾಕಿ ಕೂತಿದ್ದಾರೆ.

"ಅಯ್ಯೋ, ಪೇಪರು!" ಎಂದು ಕಿರುಚಿದೆ.

"ಶ್! ಗಲಾಟೆ ಮಾಡಬೇಡ. ತಿಂದು ಆಯ್ತಲ್ಲ. ಈಗ ಮೆಲುಕು ಹಾಕುವುದನ್ನಾದರೂ ನೋಡುವ. ಕಾಗದ ನಮಗಾದರೆ ಅರಗುದಿಲ್ಲ, ಇದಕ್ಕೆ ಅರಗ್ತದೆ. ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಜೀವಿಗಳು ಕೂತು ಕೆಲಸ ಮಾಡ್ತವೆ."

ಮರುದಿನ ಹೆಡ್ಮಾಸ್ಟ್ರ ಎದುರಿಗೂ ಇದನ್ನೇ ವಿವರಿಸಿದರಂತೆ, ಕಪ್ಪು ಹಲಗೆಯಲ್ಲಿ ದನದ ಹೊಟ್ಟೆಯ ಚಿತ್ರ ಬರೆದು. ಹುಡುಗರಿಗೆ ಮತ್ತೊಮ್ಮೆ ಪರೀಕ್ಷೆಯಾಯಿತು, ಅವರ ಶಾಪವೆಲ್ಲ ನಮ್ಮ ಮನೆಗೆ ತಟ್ಟಿತು. ಕಾಲೇಜಿಗೆ ಹೋಗಬೇಕಿದ್ದ ಶಿಫಾರಸೂ ಆ ವರ್ಷ ಹೋಗಲಿಲ್ಲ. ಹೆಡ್ಮಾಸ್ಟ್ರು ಚಿತ್ರವನ್ನು ಪೂರ್ತಿ ನೋಡಿ ಹೇಳಿದ್ದು ಒಂದೇ ಮಾತು: "ಮಾಸ್ಟ್ರೇ, ಇಷ್ಟು ವರ್ಷದಲ್ಲಿ ನಿಮ್ಮ ಪಾಠ ಪೂರ್ತಿ ಅರಗಿಸಿಕೊಂಡದ್ದು ಆ ದನ ಒಂದೇ."

ಪ್ರಿನ್ಸಿಪಾಲರ ಉಪಾಹಾರ

ಯುದ್ಧದ ಕಾಲ. ಅಕ್ಕಿಯ ಹಾಗೆ ಕಾಗದಕ್ಕೂ ಬರ. ಇವರು ಬಾಳೆಯ ನಾರಿನಿಂದ ಕಾಗದ ಮಾಡಲು ಹೊರಟರು. ನಾರನ್ನು ಸುಣ್ಣದ ನೀರಿನಲ್ಲಿ ಬೇಯಿಸುವುದು, ಬಾವಿಕಟ್ಟೆಯಲ್ಲಿ ತೊಳೆದು ತೊಳೆದು ಸುಣ್ಣ ಬಿಡಿಸುವುದು, ನನ್ನ ಒರಳಿನಲ್ಲಿ ಕುಟ್ಟುವುದು, ಶಾಯಿ ಹರಡದ ಹಾಗೆ ಗಂಜಿ ಸೇರಿಸುವುದು. ಎಷ್ಟೋ ಸಲ ಕೆಟ್ಟಿತು. ಕೊನೆಗೊಮ್ಮೆ ಸರಿಯಾಗಿ ಬಂತು. ನೀರು ಬಸಿಯಲು ಇದ್ದದ್ದು ಅಡಿಗೆಮನೆಯ ಜರಡಿ ಮಾತ್ರ, ಹಾಗಾಗಿ ಹಾಳೆಗಳೆಲ್ಲ ದುಂಡಗೆ.

ಕಾಲೇಜಿನ ಡೆಮಾನ್‌ಸ್ಟ್ರೇಟರು ಆಗಷ್ಟೇ ಪಟ್ಟಾಳಕ್ಕೆ ಸೇರಿ ಯುದ್ಧಕ್ಕೆ ಹೋಗಿದ್ದರು. ಕಾಗದದ ಸುದ್ದಿ ಕೇಳಿ ಪ್ರಿನ್ಸಿಪಾಲರು ಹೇಳಿ ಕಳಿಸಿದರು: "ಭಾನುವಾರ ಬಂದು ನೋಡ್ತೇನೆ. ಕೆಲಸದ ವಿಷಯವೂ ಮಾತಾಡುವ." ಇವರಿಗೆ ಅಷ್ಟು ಖುಷಿಯಾದದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಭಾನುವಾರ ಅಂಗಳದಲ್ಲಿ ಒಂದು ಚಾಪೆಯ ಮೇಲೆ ಇವರ ಹಾಳೆಗಳು ಒಣಗುತ್ತಿದ್ದವು. ಪಕ್ಕದ ಚಾಪೆಯ ಮೇಲೆ ನನ್ನ ಹಲಸಿನ ಹಪ್ಪಳ. ಅಮ್ಮ ನಮ್ಮಲ್ಲಿಗೆ ಬಂದಿದ್ದಳು. ಅವಳಿಗೆ ಆಗ ಕಣ್ಣಿಗೆ ಪೊರೆ ಬಂದಿತ್ತು. ಪ್ರಿನ್ಸಿಪಾಲರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಇವರು ಅವರನ್ನು ಕೂರಿಸಿ ಮಾತಾಡುತ್ತಿದ್ದರು, ನಾನು ಹಿತ್ತಿಲಲ್ಲಿ ಎಳನೀರು ಕೆತ್ತಿಸುತ್ತಿದ್ದೆ. ಅಮ್ಮ ತಡವಿಕೊಂಡು ಅಂಗಳಕ್ಕೆ ಹೋಗಿ, ಒಂದು ಚಾಪೆಯದ್ದನ್ನು ಬಾಚಿ ತಂದು, ಎಣ್ಣೆಗೆ ಹಾಕಿ, ತಟ್ಟೆ ತುಂಬ ಕಳಿಸಿದಳು.

ಪ್ರಿನ್ಸಿಪಾಲರು ಮರ್ಯಾದಸ್ಥರು. ಜಗಿದರು. ಮತ್ತೂ ಜಗಿದರು. ಹಣೆಯಲ್ಲಿ ಬೆವರು ಬಂತು. "ಒಳ್ಳೆ ನಾರುಂಟು ಹಪ್ಪಳದಲ್ಲಿ" ಎಂದರು.

ಬಾಗಿಲ ಮರೆಯಿಂದ ಅಮ್ಮ, "ಹಲಸು ಸ್ವಲ್ಪ ಬೆಳೆದದ್ದು ಜಾಸ್ತಿ. ಇನ್ನೆರಡು ತೆಗೊಳ್ಳಿ" ಎಂದಳು. ತೆಗೆದುಕೊಂಡರು.

ಕಡೆಗೆ ಕೈ ಒರೆಸಿಕೊಂಡು, "ಇನ್ನು ನಿಮ್ಮ ಕಾಗದ ತೋರಿಸಿ ಮಾಸ್ಟ್ರೇ" ಎಂದರು. ಇವರು ಸಂಭ್ರಮದಿಂದ ಅಂಗಳಕ್ಕೆ ಇಳಿದರು. ಹಪ್ಪಳದ ಚಾಪೆ ತುಂಬಿತ್ತು. ಕಾಗದದ ಚಾಪೆ ಖಾಲಿ. ತಿರುಗಿ ಬಂದು ತಟ್ಟೆಯಲ್ಲಿ ಉಳಿದ ಚೂರನ್ನು ನೋಡಿದರು. ಬೆಳಕಿಗೆ ಹಿಡಿದರು.

"ಸರ್," ಎಂದರು ಸಣ್ಣ ಸ್ವರದಲ್ಲಿ, "ನೀವು ಈಗಷ್ಟೇ ತಿಂದಿರಿ."

ಒಳಗೆ ಅಮ್ಮನ ಕೈಯಿಂದ ಸೌಟು ಬಿದ್ದ ಸದ್ದು ಕೇಳಿತು. ಇವರು ಆ ದಿನವಾಗಲಿ ಮುಂದೆ ಎಂದಾಗಲಿ ಅವಳಿಗೆ ಒಂದು ಗಟ್ಟಿ ಮಾತು ಆಡಿದವರಲ್ಲ. ಪ್ರಿನ್ಸಿಪಾಲರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಎದ್ದರು. "ನನಗೆ ಎಂತಾದರೂ ಆಗ್ತದಾ ಮಾಸ್ಟ್ರೇ?"

ಪಾಪ, ನಮ್ಮವರಿಗೆ ಆಗಲೂ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕು ಎಂಬುದೊಂದೇ. "ಎಂತದೂ ಆಗುದಿಲ್ಲ ಸರ್. ಅದು ಸೆಲ್ಯುಲೋಸ್. ಮನುಷ್ಯನ ಹೊಟ್ಟೆಯಲ್ಲಿ ನಿಲ್ಲುದಿಲ್ಲ. ಬಂದ ಹಾಗೆಯೇ ಹೋಗ್ತದೆ."

ಕಾಲೇಜಿನ ಕೆಲಸವೂ ಹಾಗೆಯೇ ಹೋಯಿತು.