ಸರ್ಕಾರಿ ವಕೀಲ್ರು ಯಾವಾಗ ಬರ್ತಾರವ್ವಾ?

ಕೋರ್ಟಿಗೆ ನಗಲಿಕ್ಕೆಂದು ಯಾರೂ ಬರುವುದಿಲ್ಲ. ಆದರೂ ಸಮನ್ಸು ಕೊಡದೆಯೇ ಅಲ್ಲಿಗೆ ನಗು ಬಂದು ಕೂತಿರುತ್ತದೆ. ತೊಂಬತ್ತರ ದಶಕದಲ್ಲಿ ಸರ್ಕಾರಿ ವಕೀಲಳಾಗಿ ಕೆಲಸಕ್ಕೆ ಸೇರಿದ ನಾನು ಮುಂದೆ ಹದಿನೈದು ವರ್ಷ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಅಂತ ಕೆಂಪು ಬಸ್ಸಿನಲ್ಲಿ ಫೈಲು ತಬ್ಬಿಕೊಂಡು ತಿರುಗಿದೆ. ಪೊಲೀಸರು ಹಾಕಿದ ಕೇಸನ್ನು ಸರ್ಕಾರದ ಪರವಾಗಿ ನಡೆಸುವುದು ನನ್ನ ಕೆಲಸ. ಓದಿದ ಕಾನೂನು ಅರ್ಧ ಮರೆತಿದೆ. ಜನ ಆಡಿದ ಮಾತು ಮಾತ್ರ ಮರೆತಿಲ್ಲ.

ಮೊದಲ ವಾರ

ಕೂಡ್ಲಿಗಿ ಕೋರ್ಟಿನಲ್ಲಿ ನನ್ನ ಕೋಣೆಯ ಬಾಗಿಲಲ್ಲಿ ಒಬ್ಬ ಮುದುಕ ಬೆಳಿಗ್ಗೆಯಿಂದ ಕೂತಿದ್ದ. ಪಕ್ಕದ ಹೊಲದವನು ಬಡಿಗೆಯಿಂದ ಹೊಡೆದು ಅವನ ಕೈ ಮುರಿದಿದ್ದ. ಆ ಕೇಸಿನ ವಿಚಾರಣೆ ಅವತ್ತು. ನಾನು ಒಳಗೂ ಹೊರಗೂ ನಾಲ್ಕು ಸಲ ಓಡಾಡಿದೆ. ಐದನೇ ಸಲ ಅವನೇ ತಡೆದ.

"ಸರ್ಕಾರಿ ವಕೀಲ್ರು ಯಾವಾಗ ಬರ್ತಾರವ್ವಾ?"

"ನಾನೇ ಅಪ್ಪಾ."

"ನೀನು ಅವ್ರ ಮನಿಯವ್ರೇನು?"

"ಅಲ್ಲ, ವಕೀಲಳೇ ನಾನು. ನಿನ್ನ ಕೇಸು ನಡೆಸೋಳೂ ನಾನೇ."

ಅವನು ನನ್ನ ಕರಿ ಕೋಟು ನೋಡಿದ, ಕೈಬಳೆ ನೋಡಿದ, ಮತ್ತೆ ಕೋಟು ನೋಡಿದ. ಏನನ್ನುತ್ತಾನೋ ಎಂದು ನನಗೆ ಕುತೂಹಲ, ಜೊತೆಗೆ ಅಳುಕು. ಅವನು ಟವೆಲ್ಲು ಕೊಡವಿಕೊಂಡು ಎದ್ದ. ಆಚೆ ಕಟ್ಟೆಯ ಮೇಲೆ ಕೂತಿದ್ದ ಆರೋಪಿಗೆ ಕೇಳುವಂತೆ ಕೂಗಿದ:

"ಲೇ, ನಿನ್ನ ಕೇಸು ಮುಗೀತಲೇ! ನಮ್ಮ ವಕೀಲ್ರು ಹೆಣ್ಮಗಳದಾಳ. ಲಗ್ನಾಗಿ ಐವತ್ತು ವರ್ಷ ಆತು, ಮನ್ಯಾಗ ಮಾತಿನ್ಯಾಗ ನಾನು ಒಂದ್ಸಲನಾದ್ರೂ ಗೆದ್ದೀನೇನು, ಕೇಳು!"

ಯಾವ ಸತ್ಯ?

ಹಿರೇಹಡಗಲಿಯ ಚಹಾ ಅಂಗಡಿಯವನೊಬ್ಬ ಹಡಗಲಿ ಕೋರ್ಟಿಗೆ ಸಾಕ್ಷಿಗೆ ಬಂದಿದ್ದ. ಕಟಕಟೆ ಹತ್ತಿಸಿ ಗುಮಾಸ್ತರು, "ಸತ್ಯವನ್ನೇ ಹೇಳುತ್ತೇನೆ ಅಂತ ದೇವರ ಮೇಲೆ ಆಣೆ ಮಾಡು" ಅಂದರು. ಅವನು ತಲೆ ಕೆರೆದುಕೊಂಡ.

"ಯಾಕಪ್ಪಾ, ಹೆದರಿಕೆಯಾ?" ನ್ಯಾಯಾಧೀಶರು ಕೇಳಿದರು.

"ಹೆದರಿಕಿ ಅಲ್ರಿ ಸ್ವಾಮಿ. ಆಣಿ ಮಾಡೋಕಿಂತ ಮೊದ್ಲ ಒಂದು ಕೇಳ್ಬೇಕಿತ್ತು. ನಾ ಕಂಡ ಸತ್ಯ ಹೇಳ್ಲೋ, ನಿನ್ನೆ ಇವ್ರು ಮನೀಗೆ ಬಂದು ಕಲಿಸಿಕೊಟ್ಟ ಸತ್ಯ ಹೇಳ್ಲೋ?" ಎಂದು ಆರೋಪಿಯ ಕಡೆಯವರತ್ತ ಕೈ ಮಾಡಿದ.

ಅವರ ವಕೀಲರು ಫೈಲಿನಲ್ಲಿ ಮುಖ ಮುಚ್ಚಿಕೊಂಡರು. ನ್ಯಾಯಾಧೀಶರು ನಗು ತಡೆದು, "ನೀನು ಕಂಡದ್ದೇ ಹೇಳು" ಅಂದರು.

"ಚಲೋ ಆತು ಬಿಡ್ರಿ. ಅವ್ರು ಕಲಿಸಿದ್ದು ಬಾಳ ಉದ್ದ ಇತ್ತು, ಬಸ್ಸಿನ್ಯಾಗ ಮರ್ತೇ ಹೋಗೈತಿ."

ಹೊಸಹಳ್ಳಿಯ ಶಿಬಿರ

ನಾಲ್ಕಾರು ವರ್ಷದ ಮೇಲೆ ನನ್ನನ್ನು ಕಾನೂನು ಸೇವಾ ಸಮಿತಿಯ ಕೆಲಸಕ್ಕೂ ಹಾಕಿದರು. ಹಳ್ಳಿಗಳಿಗೆ ಹೋಗಿ ಜನರಿಗೆ ಕಾನೂನು ತಿಳಿಸುವ ಶಿಬಿರಗಳು. ಹೊಸಹಳ್ಳಿಯಲ್ಲಿ ಶಾಲೆಯ ಅಂಗಳ ತುಂಬಿತ್ತು. ಬಂದವರೆಲ್ಲ ಹೆಚ್ಚುಕಡಿಮೆ ವಯಸ್ಸಾದವರು. ಬಡವರಿಗೆ ಪುಕ್ಕಟೆ ವಕೀಲರು, ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ಬಿಟ್ಟ ಹೆಂಡತಿಗೆ ಜೀವನಾಂಶ ಅಂತ ಒಂದೂವರೆ ತಾಸು ಮಾತಾಡಿದೆ. ಒಬ್ಬರೂ ಎದ್ದು ಹೋಗಲಿಲ್ಲ. ಎಲ್ಲರೂ ಕಣ್ಣು ಕಿರಿದು ಮಾಡಿ ನನ್ನನ್ನೇ ದಿಟ್ಟಿಸುತ್ತಿದ್ದರು. ಇಷ್ಟು ಗಮನ ಯಾವ ಕೋರ್ಟಿನಲ್ಲೂ ನನಗೆ ಸಿಕ್ಕಿರಲಿಲ್ಲ. ಉಬ್ಬಿಹೋದೆ.

"ಏನಾದ್ರೂ ಕೇಳೋದಿದ್ರೆ ಕೇಳಿ" ಅಂದೆ.

ಮುಂದೆ ಕೂತ ಅಜ್ಜಿ ಕೈ ಎತ್ತಿದಳು. "ಎಲ್ಲಾ ಚಲೋ ಹೇಳಿದ್ರಿ ಯವ್ವಾ. ಕಣ್ಣು ಯಾವಾಗ ನೋಡ್ತೀರಿ?"

"ಯಾವ ಕಣ್ಣು?"

"ಶಿಬಿರ ಅಂತ ಡಂಗುರ ಹೊಡ್ಸ್ಯಾರಲ್ರಿ. ಪೊರಿ ತಗೀತಾರ ಅಂತ ಮುಂಜಾನಿಂದ ಉಪಾಸ ಅದೀವಿ."

ಡಂಗುರದವನಿಗೆ ಗೊತ್ತಿದ್ದ ಶಿಬಿರ ಅದೊಂದೇ! ನಾಚಿಕೆಯಿಂದ ನೆಲ ನೋಡಿದೆ. ಮೊದಲು ಎಲ್ಲರಿಗೂ ಮಂಡಕ್ಕಿ ತರಿಸಿದೆವು. ಆಮೇಲೆ ನಮ್ಮ ನ್ಯಾಯಾಧೀಶರು ಆಸ್ಪತ್ರೆಗೆ ಬರೆದು, ಮುಂದಿನ ತಿಂಗಳು ಅದೇ ಅಂಗಳದಲ್ಲಿ ನಿಜವಾದ ಕಣ್ಣಿನ ಶಿಬಿರ ಏರ್ಪಡಿಸಿದರು. ಆ ಅಜ್ಜಿಯ ಪೊರೆಯೂ ಹೋಯಿತು. ಆದರೆ ಆ ಶಿಬಿರದ ದಿನ ಮಧ್ಯಾಹ್ನ ಕಣ್ಣಿನ ಡಾಕ್ಟರು ನನಗೆ ಫೋನು ಮಾಡಿದರು.

"ಮೇಡಂ, ಬೇಗ ಬನ್ನಿ. ಇಲ್ಲಿ ಅರ್ಧ ಜನರ ಕಣ್ಣು ಚೆನ್ನಾಗೇ ಇದೆ. ಅವರೆಲ್ಲ ಅಪ್ಪನ ಆಸ್ತಿಯಲ್ಲಿ ಪಾಲು ಕೇಳ್ತಿದ್ದಾರೆ, ನಾನೇನು ಬರೆದುಕೊಡಲಿ?"

ಬದುವಿನ ಜಗಳ

ಹರಪನಹಳ್ಳಿಯಲ್ಲಿ ಅಣ್ಣತಮ್ಮಂದಿರ ಒಂದು ಬದುವಿನ ಕೇಸು ಹನ್ನೆರಡು ವರ್ಷದಿಂದ ನಡೆದಿತ್ತು. ಅವರಿಬ್ಬರನ್ನೂ ನಾನು ಬಹಳ ಸಲ ಕಂಡಿದ್ದೆ. ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸಿನಿಂದ ಇಳಿಯುವರು. ಒಂದೇ ಕಾಗದದಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುವರು. ಕೋರ್ಟಿನಲ್ಲಿ ಹೆಸರು ಕೂಗಿದ ತಕ್ಷಣ ಮುಖ ಗಂಟು ಹಾಕಿಕೊಂಡು ಎದುರುಬದುರು ನಿಲ್ಲುವರು. ಇದೇನು ಅಂತ ನನಗೆ ಬಗೆಹರಿದಿರಲಿಲ್ಲ.

ಕೊನೆಗೆ ಲೋಕ ಅದಾಲತ್ತಿಗೆ ಆ ಕೇಸು ಬಂತು. ಸಂಧಾನಕ್ಕೆ ನ್ಯಾಯಾಧೀಶರ ಜೊತೆ ನಾನೂ ಕೂತಿದ್ದೆ. ಗಡಿಕಲ್ಲನ್ನು ಎರಡು ಮೊಳ ಸರಿಸಿ ನೆಡುವುದು ಅಂದದ್ದಕ್ಕೆ ಇಬ್ಬರೂ ಐದೇ ನಿಮಿಷಕ್ಕೆ ಒಪ್ಪಿದರು. ರಾಜಿಪತ್ರ ಸಿದ್ಧವಾಯಿತು. ಆದರೆ ಅಣ್ಣ ಹಿಡಿದ ಪೆನ್ನನ್ನು ಕೆಳಗಿಟ್ಟ.

"ಇನ್ಮ್ಯಾಲೆ ವಾಯಿದೆ ಇರಲ್ಲೇನ್ರಿ?"

"ಇರಲ್ಲ. ಸಂತೋಷಪಡಿ" ಅಂದೆ.

"ಸಂತೋಷ ಎಲ್ಲಿಂದ ಬರ್ಬೇಕ್ರಿ? ನಮ್ಮ ಹೆಂಗಸರಿಗೆ ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗಲ್ಲ. ಊರಾಗೆ ನಾವಿಬ್ರು ಮಾತಾಡಿದ್ರೆ ಅವತ್ತು ಎರಡೂ ಮನೇಲಿ ಒಲೆ ಹತ್ತಲ್ಲ. ವಾಯಿದೆ ದಿನ ಮಾತ್ರ, ಜಗಳ ಆಡಾಕೆ ಹೊಂಟಾರೆ ಅಂತ ಬುತ್ತಿ ಕಟ್ಟಿ ಕಳಿಸ್ತಾರೆ."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಆಗ ತಮ್ಮ ಮೆಲ್ಲಗೆ ಮುಂದೆ ಬಾಗಿದ.

"ಬದುವಿನ ಕೇಸು ಮುಗೀತು ಅಂತ ಬರ್ಕೊಳ್ರಿ ಸಾಹೇಬ್ರೆ. ಬದುವಿನ ಮ್ಯಾಲೊಂದು ಬೇವಿನ ಮರ ಐತೆ, ಅದೊಂದು ಬಿಟ್ಟುಬಿಡ್ರಿ. ಇನ್ನೊಂದು ಕೇಸಿಗೆ ಆಗ್ಲಿ."

ಎಮ್ಮೆ ಯಾರದು?

ಇದು ಯಾವ ತಾಲ್ಲೂಕಿನದು ಅಂತ ಹೇಳುವುದಿಲ್ಲ. ಸಂತೆಯ ಹಾದಿಯಲ್ಲಿ ದನಗಳ್ಳನೊಬ್ಬ ಸಿಕ್ಕಿಬಿದ್ದ. ಅವನ ಜೊತೆ ಒಂದು ಎಮ್ಮೆ. ಅದು ತನ್ನದು ಅಂತ ಇಬ್ಬರು ಹೆಂಗಸರು ಅರ್ಜಿ ಹಾಕಿದರು. ಒಬ್ಬಳು ಹೊಳೆದಂಡೆಯ ಹಳ್ಳಿಯ ವಿಧವೆ, ಆ ಎಮ್ಮೆಯ ಹಾಲಿನಿಂದಲೇ ಅವಳ ಬದುಕು. ಇನ್ನೊಬ್ಬಳು ಬೆಟ್ಟದ ಕಡೆಯವಳು. ಅವಳ ಎಮ್ಮೆಯೂ ಕಳುವಾಗಿದ್ದು ನಿಜ. ತೀರ್ಮಾನವಾಗುವ ತನಕ ಎಮ್ಮೆಯನ್ನು ಪೊಲೀಸ್ ಠಾಣೆಯ ಹಿತ್ತಲಲ್ಲಿ ಕಟ್ಟಿದ್ದರು. ಹಾಗೇ ತಿಂಗಳು ಕಳೆಯಿತು.

ಅರ್ಜಿಯ ದಿನ ಎಮ್ಮೆಯನ್ನು ಕೋರ್ಟಿನ ಅಂಗಳಕ್ಕೆ ತಂದರು. ಇಬ್ಬರೂ ಬಾಯಿತುಂಬ ಕರೆದರು. ಅದು ಯಾರ ಕಡೆಗೂ ತಿರುಗಲಿಲ್ಲ. ನ್ಯಾಯಾಧೀಶರಿಗೆ ಒಂದು ಯೋಚನೆ ಹೊಳೆಯಿತು.

"ಹಗ್ಗ ಬಿಚ್ಚಿ. ಎಲ್ಲಿಗೆ ಹೋಗುತ್ತೋ ನೋಡೋಣ."

ಎಮ್ಮೆ ಒಬ್ಬಳನ್ನು ದಾಟಿತು. ಇನ್ನೊಬ್ಬಳನ್ನೂ ದಾಟಿತು. ಗೇಟು ದಾಟಿ ರಸ್ತೆಗೆ ಬಂತು. ಹಿಂದೆ ನ್ಯಾಯಾಧೀಶರು, ನಾನು, ವಕೀಲರು, ಅರ್ಧ ಊರು. ಅದು ಸೀದಾ ಠಾಣೆಯೊಳಗೆ ನುಗ್ಗಿ, ಬರೆಯುತ್ತ ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಎದುರು ನಿಂತು ಅವರ ಕೈ ನೆಕ್ಕಿತು.

ಅವರು ದಡಬಡಿಸಿ ಎದ್ದು ಸೆಲ್ಯೂಟ್ ಹೊಡೆದರು. "ಹಿಂಡದಿದ್ರ ಕೆಚ್ಚಲು ಬಾತುಕೊಳ್ತದ್ರೀ ಸಾಹೇಬ್ರ... ಅದಕ್ಕ ನಾನ..."

ನಗು ತಣ್ಣಗಾದ ಮೇಲೆ ವಿಧವೆ ಬಾಯಿಬಿಟ್ಟಳು. "ಕರ ಮನ್ಯಾಗೈತ್ರಿ, ಹಾಲಿಲ್ದ ಸೊರಗೈತಿ. ಅದನ್ನ ತರ್ಲೇನು ಅಂತ ಎಲ್ರಿಗೂ ಕೇಳ್ದೆ. ಕೇಳಿದ್ದಕ್ಕಷ್ಟ ಉತ್ರ ಕೊಡು ಅಂದ್ರು."

ಮರುದಿನ ಅವಳ ಕರು ಬಂತು. ಅದು ಒಂದು ಸಲ ಕೂಗಿದ್ದೇ ತಡ, ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಬೆಟ್ಟದ ಕಡೆಯವಳೂ ಕಣ್ಣೊರೆಸಿಕೊಂಡು, "ಆಕೀದ ಐತಿ, ಕೊಟ್ಟುಬಿಡ್ರಿ" ಅಂದಳು.

ಹೊರಡುವಾಗ ವಿಧವೆ ಎಮ್ಮೆಯ ಮೈ ಸವರಿ ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದಳು. "ಚಲೋ ನೋಡ್ಕೊಂಡೀರಿ. ಮತ್ತ ಹಾಲು ಏನ್ ಮಾಡಿದ್ರಿ?"

ಅವರು ನನ್ನ ಮುಖ ನೋಡಿದರು. "ಮೇಡಮ್ಮೋರು ಕೇಸಿನ ಕೆಲಸಕ್ಕ ಬಂದಾಗೆಲ್ಲ ಚಾ ಮಾಡಿ ಕೊಟ್ಟೀವವ್ವಾ."

ಆ ತಿಂಗಳು ಠಾಣೆಯ ಚಹಾವನ್ನು ನಾನು ಊರೆಲ್ಲ ಹೊಗಳಿಕೊಂಡು ಬಂದಿದ್ದೆ. ಸರ್ಕಾರದ ಪರ ನಿಂತ ವಕೀಲಳೇ ಸಾಕ್ಷ್ಯವನ್ನು ಕುಡಿದುಬಿಟ್ಟಿದ್ದಳು!

ವಿಧವೆ ನನ್ನ ಹತ್ತಿರ ಬಂದಳು. "ಹೆಂಗಿತ್ರಿ ಹಾಲು?"

"ಬಾಳ ಗಟ್ಟಿ ಇತ್ತವ್ವಾ" ಅಂದೆ, ಬೇರೆ ದಾರಿಯಿಲ್ಲದೆ.

ಅವಳು ನ್ಯಾಯಾಧೀಶರತ್ತ ತಿರುಗಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕೇಳಿದ್ರೇನ್ರಿ ಸ್ವಾಮಿ? ಇಡೀ ಹೊಳಿಸಾಲಿನ್ಯಾಗ ಅಷ್ಟು ಗಟ್ಟಿ ಹಾಲು ನನ್ನ ಎಮ್ಮೀದು ಒಂದ. ಈ ವಕೀಲಮ್ಮನ್ನ ಮೊದ್ಲ ಕಟಕಟಿ ಹತ್ತಿಸಿದ್ರ, ಕೇಸು ತಿಂಗಳದ ಹಿಂದ ಮುಗೀತಿತ್ತಲ್ರಿ!"